ಆಂಬ್ರೋಸ್ ಟಕ್‌ವೆಲ್ ಕಿತ್ತ ತಡಮೆ

ಬೇಲಿಯ ಆಚೆಗೊಂದು ಈಚೆಗೊಂದು ಮೆಟ್ಟಿಲು, ಮೇಲೆ ಒಂದು ಅಡ್ಡಹಲಗೆ, ಕೈ ಆನಿಸಲು ಒಂದು ಕಂಬ. ದನ ದಾಟಬಾರದು, ಮನುಷ್ಯ ದಾಟಬೇಕು. ತಡಮೆ ಎಂದರೆ ಇಷ್ಟೇ. ಸೆಡ್‌ಬೋರ್ನ್ ಹಳ್ಳಿಯ ಸುತ್ತಲಿನ ಹೊಲಗಳಲ್ಲಿ ಇಂಥ ಅರವತ್ತು ತಡಮೆಗಳನ್ನು ಕಟ್ಟಿದವನು ಆಂಬ್ರೋಸ್ ಟಕ್‌ವೆಲ್. ಎಪ್ಪತ್ನಾಲ್ಕು ವರ್ಷದ ಈ ಮನುಷ್ಯನಿಗೆ ಸಿಟ್ಟು ಹೊಸದೇನಲ್ಲ. ಆದರೆ ಆ ವಸಂತದಲ್ಲಿ ಬಂದ ಸಿಟ್ಟು ಅವನನ್ನೇ ಹೆದರಿಸುವಂತಿತ್ತು.

ಮೊದಲು ಬಂದದ್ದು ನಗು. ಅವನ ಮನೆಯ ಹಿಂದಿನ ಹೊಲದ ತಡಮೆಯ ಪಕ್ಕ ಯಾರೋ ಹಸಿರು ಬೋರ್ಡು ನೆಟ್ಟಿದ್ದರು. ‘ಮುನ್ನೂರು ವರ್ಷಗಳ ತಡಮೆ. ನಮ್ಮ ಪೂರ್ವಜರ ಹೆಜ್ಜೆಗಳಿಂದ ಸವೆದ ಹಲಗೆಯನ್ನು ಗಮನಿಸಿ.’ ಬೆನ್ನಿಗೆ ಚೀಲ, ಕೈಯಲ್ಲಿ ನಕಾಶೆ ಹಿಡಿದ ನಡಿಗೆಯವರು ಶನಿವಾರ ಭಾನುವಾರ ಬಂದು ಹಲಗೆಯನ್ನು ಸವರಿ ಫೋಟೋ ತೆಗೆಯತೊಡಗಿದರು. ಸೈಕಲ್ಲಿನವರೂ ರಸ್ತೆಯಲ್ಲೇ ಸೈಕಲ್ ಒರಗಿಸಿ ಓಡಿ ಬಂದು ನೋಡಿ ಹೋಗುತ್ತಿದ್ದರು.

"ಏವಿಸ್, ಬಾ ಇಲ್ಲಿ! ನಾನು ಕಟ್ಟಿದ್ದಕ್ಕೆ ಮುನ್ನೂರು ವರ್ಷ ಆಯ್ತಂತೆ. ನಿನ್ನ ಗಂಡನಿಗೆ ಎಷ್ಟು ವಯಸ್ಸು ಅಂತ ಲೆಕ್ಕ ಹಾಕ್ಕೋ," ಎಂದು ಹೆಂಡತಿಯನ್ನು ಕರೆದು ಹೇಳಿದ್ದ.

"ಬೆಳಗ್ಗೆ ಹಾಸಿಗೆಯಿಂದ ಏಳೋದು ನೋಡಿದ್ರೆ ಅಷ್ಟೇ ಇರ್ಬೇಕು," ಎಂದಿದ್ದಳು ಏವಿಸ್.

ನಗು ನಿಂತದ್ದು ಏವಿಸಳ ಸೊಂಟದ ಆಪರೇಷನ್ ಆದ ಮೇಲೆ. ಕೋಲು ಹಿಡಿದು ಸಮತಟ್ಟಿನಲ್ಲಿ ಮೈಲಿಗಟ್ಟಲೆ ನಡೆಯಬಲ್ಲಳು, ಕಾಲು ಮಾತ್ರ ಮೊಣಕಾಲೆತ್ತರಕ್ಕೆ ಏಳದು. ಅವಳ ಅಕ್ಕ ಮ್ಯೂರಿಯಲ್ ಇದ್ದದ್ದು ಮೂರು ಹೊಲದಾಚೆಯ ಪಕ್ಕದ ಹಳ್ಳಿಯಲ್ಲಿ. ನಲವತ್ತು ವರ್ಷ ಪ್ರತಿ ಬುಧವಾರ ಏವಿಸ್ ಆ ಕಾಲುದಾರಿಯಲ್ಲಿ ಹೋಗಿ ಅಕ್ಕನ ಜೊತೆ ಟೀ ಕುಡಿದು ಬಂದವಳು. ರಸ್ತೆಯಲ್ಲಿ ಹೋದರೆ ನಾಲ್ಕು ಮೈಲಿ, ಕಾರುಗಳು ಮೈಮೇಲೆ ಬರುತ್ತವೆ. ಬಸ್ಸು ನಿಂತು ಆರು ವರ್ಷವಾಗಿತ್ತು. ಕಣ್ಣು ಮಂಜಾದ ಮೇಲೆ ಆಂಬ್ರೋಸ್ ಕಾರು ಓಡಿಸುವುದನ್ನು ಬಿಟ್ಟಿದ್ದ. ಅಕ್ಕತಂಗಿಯರ ನಡುವೆ ಇದ್ದದ್ದು ಅದೊಂದೇ ತಡಮೆ.

ಹೊಲದ ಯಜಮಾನ ಹೆಡ್ಲಿ ಪ್ರಾಟ್ ಒಳ್ಳೆಯವನು. "ತಡಮೆ ತೆಗೆದು ಗೇಟು ಹಾಕ್ಕೋ ಮಾರಾಯ, ನಂದೇನೂ ತಕರಾರಿಲ್ಲ," ಎಂದ. ಆದರೆ ಜಿಲ್ಲಾ ಕಚೇರಿಯಿಂದ ಕಾಗದ ಬಂತು: ಊರಿನ ಪರಂಪರೆ ಸಮಿತಿಯವರ ಆಕ್ಷೇಪಣೆ ಇದೆ, ಅದು ಇತ್ಯರ್ಥವಾಗುವ ತನಕ ತಡಮೆಯನ್ನು ಮುಟ್ಟುವಂತಿಲ್ಲ.

ಸಮಿತಿಯ ಅಧ್ಯಕ್ಷ ಜಾಸ್ಲಿನ್ ಫ್ಯಾರಂಟ್. ಲಂಡನ್ನಿನಲ್ಲಿ ನಿವೃತ್ತನಾಗಿ, ಹಳೆಯ ಹಿಟ್ಟಿನ ಗಿರಣಿಯನ್ನು ಕೊಂಡು ಮನೆ ಮಾಡಿಕೊಂಡವನು. ನಯವಾಗಿ ಮಾತಾಡುತ್ತಾನೆ, ಆಂಬ್ರೋಸನಿಗೆ ಹೆಚ್ಚು ಉರಿಯುತ್ತಿದ್ದದ್ದೇ ಆ ನಯ. ಊರಿನ ಸಭಾಭವನದಲ್ಲಿ ಸಭೆ ಕರೆದಾಗ ಏವಿಸಳನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತ.

"ಅದನ್ನ ಕಟ್ಟಿದ್ದು ನಾನು," ಎಂದ ಎದ್ದು ನಿಂತು. "ಊರಿನ ಸ್ಕೂಲು ಮುಚ್ಚಿದ ವರ್ಷ. ಬೆಂಚುಗಳನ್ನೆಲ್ಲ ಹೊರಗೆ ಎಸೆದಿದ್ರು, ಒಂದನ್ನ ತಂದು ಕುಯ್ದು ಹಲಗೆ ಮಾಡ್ದೆ. ಅದನ್ನ ಸವೆಸಿದ್ದು ಪೂರ್ವಜರ ಹೆಜ್ಜೆ ಅಲ್ಲ ಸ್ವಾಮಿ, ನಮ್ಮೂರ ಮಕ್ಕಳ ಕುಂಡೆ."

ಹಿಂದಿನ ಸಾಲಿನವರು ನಕ್ಕರು. ಫ್ಯಾರಂಟನೂ ನಕ್ಕ.

"ಟಕ್‌ವೆಲ್ ಅವ್ರೇ, ನಿಮ್ಮ ನೆನಪಿನ ಬಗ್ಗೆ ನನಗೆ ತುಂಬ ಗೌರವ ಇದೆ. ಆದ್ರೆ ಹಳೇ ನಕಾಶೆಲಿ ಅದೇ ಜಾಗದಲ್ಲಿ ತಡಮೆ ಇದೆ. ನೀವು ಸ್ವಲ್ಪ ರಿಪೇರಿ ಮಾಡಿರಬಹುದು."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತೀರಾ?"

"ಛೆ, ಛೆ. ವಯಸ್ಸಾದ್ಮೇಲೆ ಯಾರಿಗಾದ್ರೂ ನೆನಪು ಕಲಸಿಹೋಗುತ್ತೆ. ಎಷ್ಟೋ ದೂರದಿಂದ ಜನ ಇದನ್ನ ನೋಡೋಕೆ ಬರ್ತಾರೆ. ಮಿಸೆಸ್ ಟಕ್‌ವೆಲ್ ಅವರನ್ನ ಯಾರಾದ್ರೂ ಕಾರಲ್ಲಿ ಬಿಟ್ಟುಬರಬಹುದಲ್ವಾ?"

"ಯಾರು? ನೀವು ಬಿಡ್ತೀರಾ, ಪ್ರತಿ ಬುಧವಾರ?"

ಫ್ಯಾರಂಟ್ ಕೈಯಲ್ಲಿದ್ದ ಕಾಗದಗಳನ್ನು ನೇರ ಮಾಡಿಕೊಂಡ. ಆಂಬ್ರೋಸ್ ತಿರುಗಿ ನೋಡಿದ. ಅರ್ಧಕ್ಕರ್ಧ ಮುಖಗಳ ಗುರುತೇ ಅವನಿಗೆ ಸಿಗಲಿಲ್ಲ. ದಿನಸಿ ಅಂಗಡಿ ಪ್ರವಾಸಿಗರ ಬಾಡಿಗೆ ಮನೆಯಾಗಿತ್ತು, ಸ್ಕೂಲು ಯಾರದೋ ಬೇಸಿಗೆ ಮನೆಯಾಗಿತ್ತು. ಜೇನುಬಣ್ಣದ ಕಲ್ಲಿನ ಗೋಡೆಗಳನ್ನು ಉಜ್ಜಿ ಹೊಳೆಯಿಸಿ ಇಟ್ಟಿದ್ದರು, ಒಳಗಿದ್ದವರು ಮಾತ್ರ ಇರಲಿಲ್ಲ.

"ಇವಳು ಹುಟ್ಟಿದ್ದು ಇದೇ ಊರಲ್ಲಿ," ಎಂದ. "ನಿಮಗೆ ಹಳೇದು ಬೇಕು ತಾನೆ? ಇವಳೂ ಹಳಬಳೇ. ಇವಳನ್ನ ಯಾಕ್ರೀ ಉಳಿಸ್ಕೊಳ್ಳಲ್ಲ?"

ಏವಿಸ್ ಅವನ ಕೋಟಿನ ತುದಿ ಹಿಡಿದು ಜಗ್ಗಿದಳು. "ನಡಿ ಮನೆಗೆ. ನನ್ನನ್ನೂ ಬೋರ್ಡು ಹಾಕಿ ನಿಲ್ಲಿಸಿಯಾರು."

ಮರುದಿನ ಭಾನುವಾರ. ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದಂತೆ ಆಂಬ್ರೋಸ್ ಗರಗಸ, ಸ್ಪ್ಯಾನರು, ಹಾರೆ ತೆಗೆದುಕೊಂಡು ಹೊಲಕ್ಕೆ ಹೋದ. ಅನುಮತಿ ಇರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತುಕ್ಕು ಹಿಡಿದ ಬೋಲ್ಟು ತಿರುಗಲಿಲ್ಲ. ಬಯ್ದ, ಮತ್ತೆ ತಿರುಗಿಸಿದ. ಅಷ್ಟರಲ್ಲಿ ನಡಿಗೆಯವರ ಗುಂಪೊಂದು ಬಂದು ಸಾಲಾಗಿ ನಿಂತಿತು. ಯಾರೋ ಹೋಗಿ ಸುದ್ದಿ ಮುಟ್ಟಿಸಿದ್ದರು. ಚರ್ಚಿನ ಕೋಟು ತೊಟ್ಟೇ ಫ್ಯಾರಂಟ್ ಏದುಸಿರು ಬಿಡುತ್ತ ಓಡಿ ಬಂದ.

"ನಿಲ್ಲಿಸಿ! ಇದು ಅಪರಾಧ! ಚರಿತ್ರೆ ಹಾಳು ಮಾಡ್ತಿದೀರಿ!"

ಅದೇ ಹೊತ್ತಿಗೆ ಹಲಗೆ ಕಳಚಿ ಬಂತು. ಆಂಬ್ರೋಸ್ ಅದನ್ನು ಮಗುಚಿದ. ಅಡಿಯಲ್ಲಿ ಶಾಯಿಯ ಕಲೆ. ಅದರ ಪಕ್ಕದಲ್ಲಿ ಸಾಲಾಗಿ, ಕಲ್ಲಿನ ಹಾಗೆ ಗಟ್ಟಿಯಾದ ಬೂದುಬಣ್ಣದ ಉಂಡೆಗಳು.

"ಏನ್ರಿ ಇದು ಫ್ಯಾರಂಟ್ ಸಾಹೇಬ್ರೆ? ಬಗ್ಗಿ ನೋಡಿ. ಚ್ಯೂಯಿಂಗ್ ಗಮ್! ಮುನ್ನೂರು ವರ್ಷದ ಹಿಂದೆ ಯಾವ ಪೂರ್ವಜ ಅಗಿದು ಅಂಟಿಸಿದ ಹೇಳಿ!"

ಗುಂಪಿನ ದಪ್ಪ ಹೆಂಗಸೊಬ್ಬಳು ಹೊಟ್ಟೆ ಹಿಡಿದು ನಗತೊಡಗಿದಳು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಫ್ಯಾರಂಟನ ಮುಖ ಕೆಂಪೇರಿತು. ಬಂದ ದಾರಿಯಲ್ಲೇ ಹೊರಟ. ಆಂಬ್ರೋಸನಿಗೆ ಮಾತ್ರ ನಗು ಬರಲಿಲ್ಲ. ತಡಮೆ ನಿಜವಾಗಿ ಮುನ್ನೂರು ವರ್ಷದ್ದೇ ಆಗಿದ್ದರೂ ತಾನು ಕೀಳುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಅದನ್ನು ಗಟ್ಟಿಯಾಗಿಯೇ ಹೇಳಿದ. ಕೇಳಿಸಿಕೊಳ್ಳಲು ನಡಿಗೆಯವರಷ್ಟೇ ಉಳಿದಿದ್ದರು.

ಹೆಡ್ಲಿಯೂ ಅವನೂ ಸೇರಿ ಎರಡು ದಿನದಲ್ಲಿ ಗೇಟು ನಿಲ್ಲಿಸಿದರು. ಜಿಲ್ಲಾ ಕಚೇರಿಯಿಂದ ಮೊದಲು ಎಚ್ಚರಿಕೆಯ ಕಾಗದ ಬಂತು, ಐದು ವಾರದ ಮೇಲೆ ಅನುಮತಿಯ ಕಾಗದ. ಯಾವುದರಲ್ಲೂ ಕ್ಷಮೆಯ ಒಂದು ಮಾತಿರಲಿಲ್ಲ. ಸಮಿತಿಯವರು ಹಸಿರು ಬೋರ್ಡನ್ನು ಸದ್ದಿಲ್ಲದೆ ಕಿತ್ತುಕೊಂಡು ಹೋದರು. ಹಳೆಯ ಹಲಗೆಯನ್ನು ‘ಗ್ರಾಮೀಣ ಕುಶಲಕಲೆ’ ಎಂದು ಸಭಾಭವನದಲ್ಲಿ ಇಡಲು ಕೊಡುತ್ತೀರಾ ಎಂದು ಫ್ಯಾರಂಟ್ ಚೀಟಿ ಕಳಿಸಿದಾಗ ಆಂಬ್ರೋಸ್ ಅದನ್ನು ಸೀಳಿ ಒಲೆಗೆ ಹಾಕಿದ, ಚೀಟಿಯನ್ನೂ ಹಲಗೆಯನ್ನೂ.

ಗೇಟು ನಿಂತ ಮರುದಿನವೇ ಬುಧವಾರ. ಎಂಟು ತಿಂಗಳ ಮೇಲೆ ಏವಿಸ್ ಆ ದಾರಿ ಹಿಡಿದಳು. ಗೇಟು ತೆರೆಯಲು ಅವನು ಕೈ ಚಾಚಿದರೆ, "ಬಿಡು, ನಾನೇ ತೆಗೀತೀನಿ," ಎಂದು ಅಗುಳಿ ಎತ್ತಿ, ದಾಟಿ, ಹಿಂದೆ ತಿರುಗಿ ಹಾಕಿಕೊಂಡು ಹೋದಳು. ಎರಡನೆಯ ಹೊಲದ ಏರಿನಲ್ಲಿ ಅವಳ ನೀಲಿ ಟೋಪಿ ಮರೆಯಾಗುವ ತನಕ ಅವನು ನಿಂತಿದ್ದ.

ನಾಲ್ಕು ಗಂಟೆಗೆ ಬೂಟಿನ ತುಂಬ ಕೆಸರು ಮೆತ್ತಿಕೊಂಡು ವಾಪಸು ಬಂದಳು.

"ಅಷ್ಟು ಕಷ್ಟಪಟ್ಟು ಹೋಗಿದ್ದಕ್ಕೆ ಮ್ಯೂರಿಯಲ್ ಏನಂದ್ಲು?" ಎಂದು ಕೇಳಿದ.

"ತಡ ಆಯ್ತು, ಟೀ ಆರಿಹೋಯ್ತು ಅಂದ್ಲು."

ಆಂಬ್ರೋಸನಿಗೆ ಅತ್ತಿಗೆಯ ಮೇಲೂ ಸಿಟ್ಟು ಬಂತು.