ಕೊಟ್ಟೂರಿನ ಹಡಗಿನಲ್ಲಿ ಮೂರನೇ ಮೇಜು

ಇಂಥ ಸಂಗತಿ ಯಾರಾದರೂ ಹೇಳಲು ಬಂದರೆ, ಬಿಸಿಲು ನೆತ್ತಿಗೇರಿರಬೇಕು, ಒಂದು ಲೋಟ ಮಜ್ಜಿಗೆ ಕುಡಿ ಎಂದು ನಗುತ್ತಿದ್ದವನು ನಾನು. ಈಗ ನೀವು ನನಗೆ ಹಾಗೆಂದರೂ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ನನ್ನ ಅಕ್ಕ ಹಾಲವ್ವನ ಮಗ ಮಂಜ, ಪ್ರವಾಸಿ ಹಡಗೊಂದರ ಊಟದ ಮನೆಯಲ್ಲಿ ಬಡಿಸುವ ಕೆಲಸದಲ್ಲಿದ್ದ. ಅಕ್ಕ ತೀರಿಕೊಂಡಾಗ ಹಡಗು ನಡುಗಡಲಲ್ಲಿತ್ತು. ಅವನು ಬರುವ ಹೊತ್ತಿಗೆ ಮಣ್ಣು ಮಾಡಿ ವಾರವಾಗಿತ್ತು. ಆಮೇಲೆ ಅವನು ತಿರುಗಿ ಹೋಗಲಿಲ್ಲ. ಮಾತೂ ಬಿಟ್ಟ. ಒಂದು ವರ್ಷ ನಮ್ಮ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತ. ಇವನನ್ನು ಹೇಗಾದರೂ ಜನರ ನಡುವೆ ತರಬೇಕೆಂದು, ಕೊಟ್ಟೂರಿನ ನನ್ನ ಖಾನಾವಳಿಯನ್ನು ಹಡಗಿನ ಊಟದ ಮನೆಯಂತೆ ಮಾಡಿಸಿ ಅವನ ಕೈಗೇ ಕೊಡಲು ನಿಶ್ಚಯಿಸಿದೆ.

ಅವನ ಹಡಗು ಹೇಗಿತ್ತೆಂದು ಕೇಳಿದರೆ ತುಟಿ ಬಿಚ್ಚಲಿಲ್ಲ. ಮೊಬೈಲಿನಲ್ಲಿ ಸಿಕ್ಕ ಯಾವ ಯಾವುದೋ ಹಡಗುಗಳ ಚಿತ್ರಗಳನ್ನೇ ಕಾನಹೊಸಹಳ್ಳಿಯ ಬಡಗಿ ಬಾಷಾಸಾಬರಿಗೆ ತೋರಿಸಿದೆ. ಸಮುದ್ರವನ್ನೇ ಕಾಣದ ಮನುಷ್ಯ ಏನು ಮಾಡಿದರು ನೋಡಿ: ಶಂಖದ ಒಳಮೈಯಂತೆ ಬಾಗಿದ ಬಿಳಿ ಛಾವಣಿ. ಬಲ್ಬು ಕಾಣದೆ ಬೆಳಕು ಮಾತ್ರ ಇಳಿಯುವಂತೆ ಅದರ ಅಂಚಿಗೊಂದು ಮರೆ. ಎದುರುಬದುರು ಕನ್ನಡಿ ಕೂರಿಸಿದ್ದೇ ತಡ, ನನ್ನ ಇಕ್ಕಟ್ಟಾದ ಕೋಣೆ ಅರಮನೆಯಾಯಿತು. ತೇಗದ ಕಂಬಗಳಿಗೆ ಹಿತ್ತಾಳೆಯ ಬಳೆ ತೊಡಿಸಿದರು. ಅರ್ಧಚಂದ್ರದ ಆಸನಗಳಿಗೆ ಕಡುನೀಲಿ ಬಟ್ಟೆ ಹೊದಿಸಿದರು. ಮೇಜುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದು, ತಟ್ಟೆ ಜಾರದಂತೆ ಅಂಚಿಗೆ ಪಟ್ಟಿ ಹೊಡೆದರು.

“ಏನ್ರಿ ಸಾಬ್ರ ಇದು? ಕೊಟ್ಟೂರು ಯಾವಾಗ ಅಲುಗಾಡತೈತಿ?” ಎಂದು ರೇಗಿದೆ.

“ಊರು ಅಲುಗಾಡಲ್ರಿ ಸಾವ್ಕಾರ್ರ. ನೀವು ಹಡಗು ಮಾಡು ಅಂದ್ರಿ, ಮಾಡೀನಿ. ನೀರು ಬೇಕಂದ್ರ ನೀವ ತರ್ರಿ,” ಎಂದು ನಕ್ಕರು.

ತೆರೆಯುವ ದಿನ ಮಧ್ಯಾಹ್ನ, ಊಟಕ್ಕೆ ಜನ ಬರುವ ಮುಂಚೆ, ಮಂಜನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದೆ. ಕೆಲಸ ನಡೆದಷ್ಟು ದಿನವೂ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ಒಳಗೆ ಕಾಲಿಟ್ಟವನು ಹಾಗೇ ನಿಂತ. ನೆಟ್ಟಗೆ ಕಿಟಕಿಯ ಸಾಲಿನ ಮೂರನೇ ಮೇಜಿಗೆ ಹೋಗಿ, ಮಂಡಿಯೂರಿ, ಹಲಗೆಯ ಅಡಿಗೆ ಕೈ ಹಾಕಿದ.

“ಮಾವ, ಇಲ್ಲಿ ಯಾರು ಬರದ್ರು?”

ವರ್ಷದ ಮೇಲೆ ಕೇಳಿದ ದನಿ! ಹಿಗ್ಗುವುದಕ್ಕೂ ಪುರಸೊತ್ತಾಗಲಿಲ್ಲ. ಬಗ್ಗಿ ಮೊಬೈಲಿನ ಬೆಳಕು ಹಿಡಿದೆ. ‘ಹಾಲವ್ವ’ ಎಂದು ಕೊರೆದಿತ್ತು. ಕೊನೆಯ ಅಕ್ಷರದಿಂದ ಉದ್ದನೆಯ ಗೀರೊಂದು ಓರೆಯಾಗಿ ಹೋಗಿತ್ತು.

“ಅವ್ವನ ಸುದ್ದಿ ಬಂದ ದಿನ ಹಡಗಿನಾಗ ನಾನ ಕೊರದಿದ್ದೆ, ಹಣ್ಣು ಹೆಚ್ಚೋ ಚಾಕುಲೆ. ಅಲ್ಲೂ ಮೂರನೇ ಮೇಜು. ಹಡಗು ವಾಲಿತು, ಚಾಕು ಜಾರಿತು. ಇದ ಗೀರು, ಮಾವ. ನಾ ಯಾರಿಗೂ ಹೇಳಿಲ್ಲ.”

ಹೊರಗಿದ್ದ ಬಾಷಾಸಾಬರನ್ನು ಕೂಗಿದೆ. ಉಣ್ಣುವವರ ಮೊಣಕಾಲಿಗೆ ಸಿಬಿರು ಚುಚ್ಚಬಾರದೆಂದು ಪ್ರತಿ ಮೇಜಿನ ತಳವನ್ನೂ ಅಂಗೈಯಿಂದ ಸವರಿ ನೋಡಿಯೇ ಕೊಡುವವರು ಅವರು. ಈಗಲೂ ಸವರಿದರು. ಕೈ ಸರಕ್ಕನೆ ಹಿಂದೆ ಬಂತು.

“ಯಾ ಅಲ್ಲಾ! ನಿನ್ನೆ ಸಂಜಿಗೆ ಕೈಯಾಡ್ಸೀನಿ, ಗಾಜಿನಂಗಿತ್ತು. ನನಗ ಅಕ್ಷರನ ಬರಲ್ರಿ, ನಾನೇನು ಬರೀಲಿ? ಮತ್ತ… ಇದು ಹೊಸಾ ಕೊರತ ಅಲ್ಲ ಸಾವ್ಕಾರ್ರ. ಅಂಚೆಲ್ಲಾ ಸವದೈತಿ. ಯಾರೋ ದಿನಾ ಬೆರಳಾಡ್ಸ್ಯಾರ.”

“ನಾ ಕೊರದ ಮ್ಯಾಲ ಮತ್ತ ಮುಟ್ಟಿಲ್ಲ,” ಎಂದ ಮಂಜ.

ಖಾನಾವಳಿಯ ಬೀಗದ ಕೈ ಹಿಂದಿನ ಸಂಜೆಯಿಂದ ನನ್ನ ಸೊಂಟದಲ್ಲೇ ಇತ್ತು.

“ಉಜ್ಜಿ ತಗದ್ಬಿಡ್ಲೇನಪ್ಪ?” ಎಂದರು ಸಾಬರು.

“ಬ್ಯಾಡ್ರಿ,” ಎಂದು ಮಂಜ ತಡೆದ.

ಹುಡುಗ ಓಡಿಹೋಗುತ್ತಾನೆ, ನನ್ನ ಪ್ರಯತ್ನವೆಲ್ಲ ಮುಗಿಯಿತು ಎಂದುಕೊಂಡೆ. ಅವನು ಮೇಜಿನ ಕಾಲಿಗೆ ತಲೆಯಾನಿಸಿ ಗೋಳೋ ಎಂದು ಅತ್ತ. ತಾಯಿ ಸತ್ತ ಮೇಲೆ ಅದೇ ಮೊದಲ ಅಳು. ಆಮೇಲೆ ಮುಖ ತೊಳೆದು, ಜನ ಬರುವುದರೊಳಗೆ ತಟ್ಟೆ ಜೋಡಿಸತೊಡಗಿದ.

ನನಗೆ ಬೇಕಾದದ್ದು ಆಯಿತು. ಇಂದು ಖಾನಾವಳಿ ಅವನದೇ. ಹಡಗಲಿ, ಹರಪನಹಳ್ಳಿಯಿಂದ ಬಂದವರು ಛಾವಣಿ ನೋಡುತ್ತ ರೊಟ್ಟಿ ಮುರಿಯುವುದನ್ನೇ ಮರೆಯುತ್ತಾರೆ. ಮಂಜ ದಿನವೂ ಆ ಮೂರನೇ ಮೇಜಿಗೇ ಕೂತು ಉಣ್ಣುತ್ತಾನೆ. ನಾನು ಮಾತ್ರ ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ತಿಂದು ಹೊರಡುತ್ತೇನೆ. ಆ ಅಕ್ಷರ ಅಲ್ಲಿಗೆ ಹೇಗೆ ಬಂತೋ ನನಗೆ ತಿಳಿಯದು. ಕಂಕುಳಲ್ಲಿ ಎತ್ತಿ ನನ್ನನ್ನು ಬೆಳೆಸಿದ ಅಕ್ಕನ ಹೆಸರಿಗೆ ನಾನು ಹೆದರುವುದಾದರೂ ಏಕೆ? ಅದನ್ನೂ ಹೇಳಲಾರೆ.