ಗೇಟಿನ ಬೆಲ್ಲಿಗೆ ಮೊದಲ ಪಂಕ್ತಿ

ನಂಜನಗೂಡಿನ ಒಂದು ಪುಟ್ಟ ಕಂಪನಿಯಲ್ಲಿ ನನ್ನ ಕೆಲಸ ಡ್ರೈವರ್ ಬರೆಯುವುದು. ಯಂತ್ರಗಳು ಕೂಗಿದಾಗ ಕಂಪ್ಯೂಟರು ಕೈಯಲ್ಲಿದ್ದ ಕೆಲಸ ಬಿಟ್ಟು ಓಗೊಡುವಂತೆ ಮಾಡುವ ತಂತ್ರಾಂಶ ಅದು. ಆ ಕೂಗಿಗೆ ಇಂಟರಪ್ಟ್ ಎನ್ನುತ್ತೇವೆ.

ಬನ್ನೂರಿನ ಒಂದು ಅಕ್ಕಿ ಗಿರಣಿಗೆ ಹೋಗಿದ್ದೆ. ಅಲ್ಲಿ ಓಡುವ ಬೆಲ್ಟಿನ ಮೇಲೆ ಹೆಂಗಸರು ಅಕ್ಕಿಯಿಂದ ಕಲ್ಲು ಆರಿಸುತ್ತಾರೆ. ಕೈ ಸಿಕ್ಕಿಕೊಂಡರೆ ನಿಲ್ಲಿಸಲು ಒಂದು ಕೆಂಪು ಗುಂಡಿ. ಅದಲ್ಲದೆ ತೂಕದ ಯಂತ್ರ, ಗೇಟಿನ ಬೆಲ್ಲು. ಕೂಗುವವರು ಮೂವರು, ಆ ಕೂಗು ತಲುಪಿಸಲು ಹಳೇ ಕಂಪ್ಯೂಟರಿನಲ್ಲಿ ಖಾಲಿಯಿದ್ದ ಲೈನು ಎರಡೇ. ಗುಂಡಿಗೆ ಒಂದನ್ನು ಪೂರ್ತಿ ಬಿಡೋಣ ಎಂದೆ.

ಗಿರಣಿಯ ಯಜಮಾನರು ಮದುವೆಮನೆಯಲ್ಲಿ ಎಲೆ ಹಾಕಿಸುವವರಂತೆ ಮರ್ಯಾದೆ ನೋಡಿ ಹಂಚಿದರು.

"ಗೇಟ್ ಬೆಲ್ಲು ಯಾರ್ ಜೊತೇಲೂ ಅಂಚ್ಕಳಲ್ಲ ಕಣಮ್ಮ. ದೊಡ್ಡೋರು ಬತ್ತಾರೆ. ಗುಂಡಿ ಯಾವಾಗ್ಲೋ ಒಂದ್ಸಲ ಒತ್ತೋದು, ತೂಕದ ಜೊತೆ ಅಡ್ಜಸ್ಟ್ ಮಾಡ್ಬುಡು."

ಒಂದೇ ಲೈನಿನಲ್ಲಿ ಇಬ್ಬರಿದ್ದರೆ, ಕೂಗು ಬಂದಾಗ ಕಂಪ್ಯೂಟರು ಒಬ್ಬೊಬ್ಬರ ಡ್ರೈವರನ್ನೂ "ನಿನ್ನದಾ?" ಎಂದು ಕೇಳುತ್ತದೆ. ಅಲ್ಲದಿದ್ದರೆ ಅಲ್ಲ ಎನ್ನಬೇಕು. ತೂಕದ ಯಂತ್ರದ ಜೊತೆ ಬಂದಿದ್ದ ಡ್ರೈವರ್ ಮಾತ್ರ ಊರ ಗೋಮಾಳವನ್ನೂ ನಂದೇ ಎನ್ನುವ ಆಸಾಮಿ. ಇದನ್ನು ಹೇಳಿದರೆ ಯಜಮಾನರು ಕಾಫಿ ತರಿಸಿದರು. ಅವರು ಹೇಳಿದ ಹಾಗೇ ಜೋಡಿಸಿದೆ, ಆದರೆ ಪರೀಕ್ಷೆ ಆಗುವ ತನಕ ಯಾರೂ ಬೆಲ್ಟಿಗೆ ಕೈಯಿಡಕೂಡದು ಎಂದು ಪಟ್ಟು ಹಿಡಿದೆ.

ಪರೀಕ್ಷೆಗೆ ಮೊದಲು ಪೂಜೆ ಆಗಲೇಬೇಕಲ್ಲ! ನಿಂಬೆಹಣ್ಣು, ಕುಂಕುಮ, ಎಲ್ಲ ಆಯಿತು. ಓಡುತ್ತಿದ್ದ ಬೆಲ್ಟಿಗೆ ಹೂವು ಹಾಕಲು ಯಜಮಾನರು ಬಗ್ಗಿದರು, ಕತ್ತಿಗೆ ಸುತ್ತಿದ್ದ ಶಲ್ಯದ ತುದಿ ರೋಲರಿಗೆ ಸಿಕ್ಕಿತು. ಅವರು ಗುಂಡಿ ಗುದ್ದಿದರು. ತೂಕದ ಡ್ರೈವರ್ ಆ ಕೂಗನ್ನೂ ನಂದೇ ಎಂದು ನುಂಗಿತು, ಬೆಲ್ಟು ಓಡುತ್ತಲೇ ಇತ್ತು.

"ನಿಲ್ಸ್ರಲಾ!"

ಓಡಿಹೋಗಿ ಮೇನ್ ಸ್ವಿಚ್ಚು ಎಳೆದೆ. ಅರ್ಧ ಶಲ್ಯ ಹೋಯಿತು, ಕತ್ತು ಉಳಿಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಹೆಂಗಸರ ಬೆರಳಿಗೆ ಸಿಗದ ಲೈನು ಯಜಮಾನರ ಕತ್ತಿಗೆ ತಕ್ಷಣ ಸಿಕ್ಕಿತು.

"ಗುಂಡಿಗೇ ಕೊಟ್ಬುಡಮ್ಮ."

"ಗೇಟಿನ ಬೆಲ್ಲು?"

"ಬಂದೋರು ಬಾಯಲ್ಲಿ ಕೂಗ್ಲಿ."

ಮುಂದಿನ ಸಲ ಹೋದಾಗ ನೋಡುತ್ತೇನೆ, ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬರೆಸುವ ಹಾಗೆ ಕೆಂಪು ಗುಂಡಿಯ ಮೇಲೆ ಯಜಮಾನರ ಹೆಸರು, ಕೆಳಗೆ 'ಸೇವಾರ್ಥ'. ಬೆಲ್ಟು ನಿಲ್ಲಿಸಬೇಕಾದಾಗಲೆಲ್ಲ ಹೆಂಗಸರು ಆ ಹೆಸರಿನ ಮೇಲೇ ಗುದ್ದುತ್ತಾರೆ. ಈಗ ಒಂದೇ ಗುದ್ದಿಗೆ ನಿಲ್ಲುತ್ತದೆ. ಆದರೂ ಅವರು ಎರಡು ಗುದ್ದುತ್ತಾರೆ.