ಹುಟ್ಟುಹಬ್ಬದ ಸಾರು

ಕೊರಿಯಾದ ಸೋಲ್ ನಗರದ ನೊರ್ಯಾಂಗ್‌ಜಿನ್ ಬಡಾವಣೆಯಲ್ಲಿ, ಕೈಚಾಚಿದರೆ ಗೋಡೆ ತಗಲುವ ಬಾಡಿಗೆ ಕೋಣೆಯಲ್ಲಿ, ಮಿಹ್ಯಾಂಗ್ ಆರು ವರ್ಷದಿಂದ ಇಂಗ್ಲಿಷ್ ಪದಗಳನ್ನು ಉರುಹೊಡೆಯುತ್ತಿದ್ದಳು. ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಉಳಿದ ಪತ್ರಿಕೆಗಳು ದಡ ಮುಟ್ಟಿಸುತ್ತಿದ್ದವು, ಇಂಗ್ಲಿಷ್ ಮುಳುಗಿಸುತ್ತಿತ್ತು. ಇಂಗ್ಲಿಷರೇ ಮರೆತಿರಬಹುದಾದ ಪದ ಕೇಳಿ ಗುಮಾಸ್ತರನ್ನು ಆರಿಸುವ ನಾಡು ಅದು. ಅವಳ ವಯಸ್ಸು ಮೂವತ್ತಾರು. ಇದೇ ಕೊನೆಯ ಸಲ, ಆಮೇಲೆ ಊರಿಗೆ ಬಾ ಎಂದು ಅಣ್ಣ ಖಡಾಖಂಡಿತ ಹೇಳಿದ್ದ.

ಪಕ್ಕದ ಕೋಣೆಯ ನಾರೆ ಇಪ್ಪತ್ನಾಲ್ಕರ ಹುಡುಗಿ. ಬೆಳಿಗ್ಗೆ ಇಬ್ಬರೂ ಐವತ್ತು ಪದ ಕೇಳಿಕೊಳ್ಳುವುದು, ಸೋತವರು ಕಾಫಿ ಮಾಡುವುದು ಎಂದು ಮಾತಾಗಿತ್ತು. ನಾರೆ ಬಂದಾಗಿನ ಹನ್ನೊಂದು ತಿಂಗಳೂ ಕಾಫಿ ಮಾಡಿದವಳು ಮಿಹ್ಯಾಂಗ್.

“ನಿಮ್ಮ ಕಾಫಿ ಆಸೆಗೇ ನಾನು ಓದೋದು ಅಕ್ಕ,” ಎಂದು ನಾರೆ ನಗುತ್ತಿದ್ದಳು.

ಇವಳು ಬರೆದು ಬರೆದು ಬೆರಳು ದಡ್ಡುಗಟ್ಟಿಸಿಕೊಂಡರೆ, ಅವಳಿಗೆ ಒಮ್ಮೆ ಕಣ್ಣಾಡಿಸಿದರೆ ಸಾಕಲ್ಲ, ದೇವರಿಗೂ ಪಕ್ಷಪಾತ. ಮಿಹ್ಯಾಂಗ್‌ಗೆ ಹೊಟ್ಟೆ ಉರಿಯುತ್ತಿತ್ತು, ಬೇರೆ ಹೆಸರಿಟ್ಟು ಮುಚ್ಚುವುದೇಕೆ.

ಪರೀಕ್ಷೆಯ ದಿನವೇ ನಾರೆಯ ಹುಟ್ಟುಹಬ್ಬ ಬಿತ್ತು. ಅಲ್ಲಿ ಹುಟ್ಟುಹಬ್ಬಕ್ಕೆ ಅಮ್ಮಂದಿರು ಕಡಲ ಸೊಪ್ಪಿನ ಸಾರು ಬಡಿಸುತ್ತಾರೆ. ಪರೀಕ್ಷೆಯ ದಿನ ಮಾತ್ರ ಯಾವ ಅಮ್ಮನೂ ಅದನ್ನು ಮಾಡಳು: ಜಾರುವ ಸೊಪ್ಪು ತಿಂದರೆ ಕಲಿತದ್ದೂ ಜಾರಿಹೋಗುತ್ತದೆ. ಮಿಹ್ಯಾಂಗ್ ಐದಕ್ಕೇ ಎದ್ದು ಸೊಪ್ಪು ನೆನೆಹಾಕಿದಳು.

“ಹುಟ್ಟುಹಬ್ಬದ ಸಾರು ತಪ್ಪಿಸಬಾರದು ಕಣೆ,” ಎಂದು ಬೆಣ್ಣೆಯಂಥ ದನಿಯಲ್ಲಿ ಬಟ್ಟಲು ಮುಂದಿಟ್ಟಳು.

ನಾರೆ ಸಾರನ್ನು ನೋಡಿದಳು, ಅವಳನ್ನು ನೋಡಿದಳು, ಬಟ್ಟಲು ಬರಿದು ಮಾಡಿದಳು.

“ನಿಮಗೆ?”

“ನನಗೆ ಹೊಟ್ಟೆ ಸರಿಯಿಲ್ಲ.”

ಆ ಮಾತು ಮಾತ್ರ ಸುಳ್ಳಲ್ಲ.

ಫಲಿತಾಂಶ ಬಂತು. ನಾರೆ ಪಾಸು. ಮಿಹ್ಯಾಂಗ್ ಮತ್ತೆ ಇಂಗ್ಲಿಷಿನಲ್ಲೇ ಫೇಲು.

ಕೋಣೆ ಖಾಲಿ ಮಾಡುವ ದಿನ ನಾರೆ ತನ್ನ ಪದಗಳ ಚೀಟಿಡಬ್ಬಿ ತಂದಿಟ್ಟಳು. “ಮುಂದಿನ ಸಲಕ್ಕೆ ಇಟ್ಕೊಳ್ಳಿ ಅಕ್ಕ.”

ಮಿಹ್ಯಾಂಗ್‌ಗೆ ತಡೆಯಲಾಗಲಿಲ್ಲ. “ಆವತ್ತು ಆ ಸಾರು ಯಾಕೆ ತಿಂದೆ? ತಿನ್ನಬಾರದು ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು. ನೀವು ಯಾಕೆ ಮಾಡಿದ್ರಿ ಅಂತಾನೂ ಗೊತ್ತಿತ್ತು. ಆದ್ರೆ ಅಮ್ಮ ಹೋಗಿ ಎಂಟು ವರ್ಷ ಆಯ್ತು. ಆಮೇಲೆ ಯಾರೂ ನಂಗೆ ಅದನ್ನ ಮಾಡಿರ್ಲಿಲ್ಲ.”

ಮರುದಿನ ಅಣ್ಣ ಕರೆದೊಯ್ಯಲು ಬರುವವನಿದ್ದ. ಆದರೂ ಮಿಹ್ಯಾಂಗ್ ಡಬ್ಬಿ ತೆರೆದಳು. ಚೀಟಿಗಳ ಅಂಚು ಸವೆದಿತ್ತು. ಒಂದೊಂದರ ಬೆನ್ನಿಗೂ ಒಂದೇ ಪದ ನಲವತ್ತು ಐವತ್ತು ಸಲ, ಜಾಗ ಸಾಲದೆ ಬರಹದ ಮೇಲೆ ಬರಹ. ದೇವರನ್ನು ಬೈಯಲು ಇನ್ನು ನೆಪ ಉಳಿದಿರಲಿಲ್ಲ. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ.